ಓಟ್ಸಿ ಬಗ್ಗೆ ಓದುವ ಮೊದಲು ಇಸವಿ ನೋಡಿ

ಪಕ್ಕದ ಮನೆಯ ಹುಡುಗಿ ಶಾಲೆಯ ಪ್ರಾಜೆಕ್ಟ್‌ಗೆ ಆಲ್ಪ್ಸ್ ಪರ್ವತದ ಮಂಜಿನಲ್ಲಿ ಸಿಕ್ಕ ಸಾವಿರಾರು ವರ್ಷ ಹಳೆಯ ಮನುಷ್ಯ ಓಟ್ಸಿ ಬಗ್ಗೆ ಬರೆದಿದ್ದಳು. ‘ಚಳಿಗೆ ಮರಗಟ್ಟಿ ಸತ್ತ’ ಅಂತ ಮೊದಲ ಸಾಲಿನಲ್ಲೇ ಇತ್ತು. ಪಾಪ, ಅವಳಿಗೆ ಸಿಕ್ಕಿದ್ದು ಹಳೇ ಪುಸ್ತಕ. 2001ರಲ್ಲಿ ಎಕ್ಸ್-ರೇ ನೋಡಿದಾಗ ಓಟ್ಸಿಯ ಎಡ ಭುಜದೊಳಗೆ ಕಲ್ಲಿನ ಬಾಣದ ಮೊನೆ ಕಂಡಿತ್ತು. ಇಂಥ ತಪ್ಪನ್ನು ದೊಡ್ಡವರೂ ಮಾಡುವುದನ್ನು ನೋಡಿದ್ದೇನೆ. ಅದಕ್ಕೇ ಈ ಲೇಖನ.

ಮೊದಲು ಇಟಲಿಯ ಬೊಲ್ಜಾನೋದಲ್ಲಿರುವ ಸೌತ್ ಟಿರೋಲ್ ಪುರಾತತ್ವ ಮ್ಯೂಸಿಯಂನ ವೆಬ್‌ಸೈಟ್‌ಗೆ ಹೋಗಿ. ಸುಮಾರು 5,300 ವರ್ಷ ಹಳೆಯ ಆ ದೇಹವನ್ನು ಇಟ್ಟಿರುವುದು ಅಲ್ಲೇ, ಮೈನಸ್ 6 ಡಿಗ್ರಿಯ ಕೋಣೆಯಲ್ಲಿ. 1991ರಲ್ಲಿ ಎಲ್ಲಿ ಸಿಕ್ಕಿತು, ಜೊತೆಗೆ ಏನೇನಿತ್ತು ಅನ್ನುವುದಕ್ಕೆ ಇಷ್ಟು ಸಾಕು.

ಆಮೇಲೆ ಗೂಗಲ್ ಸ್ಕಾಲರ್‌ನಲ್ಲಿ ಮೂಲ ಸಂಶೋಧನಾ ಲೇಖನ ಹುಡುಕಿ.

ಜನ ಎಡವುವುದು ಇದರ ಮುಂದಿನ ಹಂತದಲ್ಲಿ. ಲೇಖನ ಸಿಕ್ಕ ಕೂಡಲೇ ಖುಷಿಯಾಗಿ ಬರೆದುಕೊಂಡುಬಿಡುತ್ತಾರೆ. ಹಾಗೆ ಮಾಡಬೇಡಿ. ಹೆಸರಿನ ಕೆಳಗೆ ‘ಸೈಟೆಡ್ ಬೈ’ ಅಂತ ಸಣ್ಣ ಅಕ್ಷರದಲ್ಲಿ ಇರುತ್ತದೆ, ಅದನ್ನು ಒತ್ತಿ. ಆ ಲೇಖನವನ್ನು ಉಲ್ಲೇಖಿಸಿದ ಮುಂದಿನ ಲೇಖನಗಳೆಲ್ಲ ಬರುತ್ತವೆ. 2012ರಲ್ಲಿ ಓಟ್ಸಿಯ ಪೂರ್ತಿ ಜೀನೋಮ್, ಅಂದರೆ ಡಿಎನ್‌ಎಯ ಇಡೀ ನಕ್ಷೆ, ಪ್ರಕಟವಾಯಿತು. ಅದನ್ನೇ ಹಿಡಿದು ಹೋದರೆ 2023ರದ್ದು ಸಿಗುತ್ತದೆ. ಹಳೇ ಸ್ಯಾಂಪಲ್‌ನಲ್ಲಿ ಇಂದಿನ ಮನುಷ್ಯರ ಡಿಎನ್‌ಎ ಬೆರೆತಿತ್ತು ಅಂತ ಅದರಲ್ಲಿದೆ. ಓಟ್ಸಿಯ ಮೈಬಣ್ಣ ಅಂದುಕೊಂಡಿದ್ದಕ್ಕಿಂತ ಕಪ್ಪು, ತಲೆ ಬೋಳಾಗಿದ್ದಿರಬಹುದು ಅಂತಲೂ ಇದೆ. ಈಗ ಎಲ್ಲ ಕಡೆ ಓಡಾಡುವ, ಓಟ್ಸಿ ಹೀಗಿದ್ದ ಅಂತ ಮಾಡಿದ ಉದ್ದ ಕೂದಲಿನ ಗೊಂಬೆಯ ಫೋಟೋ ನೋಡಿ. ಅದು 2023ಕ್ಕಿಂತ ಹಳೆಯದು ಅಲ್ವಾ? ಅದಕ್ಕೇ ಪ್ರತಿ ಮಾತಿನ ಪಕ್ಕದಲ್ಲೂ ಇಸವಿ ಬರೆದಿಡಿ. ಹಳೇದು, ಹೊಸದು ಎರಡನ್ನೂ ತೆರೆದು, ಸ್ಯಾಂಪಲ್ ಎಲ್ಲಿಂದ ತೆಗೆದರು ಅನ್ನುವ ಭಾಗವನ್ನು ಅಕ್ಕಪಕ್ಕ ಇಟ್ಟು ಓದಿ. ಅರ್ಧ ಗಂಟೆ ಹೋದರೂ ಪರವಾಗಿಲ್ಲ.

ಕಂಡದ್ದು ಬೇರೆ, ಊಹಿಸಿದ್ದು ಬೇರೆ. ಬಾಣದ ಮೊನೆ ಕಂಡದ್ದು. ಯಾರು, ಯಾಕೆ ಹೊಡೆದರು ಅನ್ನುವುದು ಊಹೆ. ದೇಹ ಮುಟ್ಟಿದವರು ಸಾಯುತ್ತಾರೆ ಅನ್ನುವ ‘ಓಟ್ಸಿಯ ಶಾಪ’ದ ವಿಡಿಯೊಗಳನ್ನು ಸುಮ್ನೆ ಮುಚ್ಚಿಬಿಡಿ. ಎಐ ಕೊಡುವ ಸಾರಾಂಶವನ್ನೂ ಮೂಲ ನೋಡದೆ ನಂಬಬೇಡಿ.

ನೂರಾರು ಜನರ ಎಲುಬು ಸಿಕ್ಕ ನಮ್ಮ ಉತ್ತರಾಖಂಡದ ರೂಪಕುಂಡ ಸರೋವರಕ್ಕೂ ಇದೇ ದಾರಿ. ಒಂದೇ ಆಲಿಕಲ್ಲು ಮಳೆಗೆ ಎಲ್ಲರೂ ಸತ್ತರು ಅಂತ ಈಗಲೂ ಜಾಸ್ತಿ ಜನ ಹೇಳುತ್ತಾರೆ. 2019ರ ಡಿಎನ್‌ಎ ಅಧ್ಯಯನ ತೆರೆದು ನೋಡಿ, ಉಚಿತವಾಗಿಯೇ ಇದೆ. ಅಲ್ಲಿಯ ಎಲುಬುಗಳಲ್ಲಿ ಕೆಲವು ಸುಮಾರು ಕ್ರಿ.ಶ. 800ರವು, ಇನ್ನು ಕೆಲವು ಸುಮಾರು 1800ರವು.