ಜಲವರ್ಣದ ಕಾಗದದಲ್ಲಿ ಹಬ್ಬದ ಕಾರ್ಡು: ತೇವ ನೋಡಿ ಬಣ್ಣ ಹಾಕಿ

ಸೆಪ್ಟೆಂಬರ್ ಆರಂಭದಲ್ಲಿ ಆಯುಧಗಳನ್ನು ಪೂಜಿಸುವ ಕೈಲ್ ಮುಹೂರ್ತದಿಂದ ಹಿಡಿದು, ತುಲಾ ಸಂಕ್ರಮಣ ಕಳೆದು, ಕದಿರು ತೆಗೆಯುವ ಪುತ್ತರಿಯವರೆಗೆ ಕೊಡಗಿನ ಮನೆಗಳಲ್ಲಿ ಹಬ್ಬಗಳು ಒಂದರ ಹಿಂದೊಂದು ಬರುತ್ತವೆ. ಸೇನೆಯಲ್ಲಿರುವ ಮಗನಿಗೋ ಬೆಂಗಳೂರಿನಲ್ಲಿ ನೆಲೆಸಿದ ಅಕ್ಕನಿಗೋ ಮೊಬೈಲಿನಲ್ಲಿ ಕಳುಹಿಸಿದ ಶುಭಾಶಯ ಮರುದಿನಕ್ಕೆ ಮರೆತುಹೋಗುತ್ತದೆ. ಕೈಯಾರೆ ಬಿಡಿಸಿದ ಕಾರ್ಡನ್ನು ಅವರು ವರ್ಷಗಟ್ಟಲೆ ಎತ್ತಿಡುತ್ತಾರೆ. ಜಲವರ್ಣದ ದಪ್ಪ ಕಾಗದದಲ್ಲಿ ಇಂಥ ಕಾರ್ಡು ಮಾಡುವುದು ಕಷ್ಟದ ಕೆಲಸವಲ್ಲ. ಆದರೆ ನಮ್ಮ ಜಿಲ್ಲೆಯ ಹವೆಯಲ್ಲಿ ಬಣ್ಣಕ್ಕಿಂತ ಮೊದಲು ತಿಳಿಯಬೇಕಾದದ್ದು ಕಾಗದದ ತೇವ. ಬಯಲುಸೀಮೆಯಲ್ಲಿ ಹತ್ತು ನಿಮಿಷಕ್ಕೆ ಒಣಗುವ ಬಣ್ಣ ಮಡಿಕೇರಿಯ ಮಳೆಗಾಲದಲ್ಲಿ ಗಂಟೆ ಕಳೆದರೂ ಹಸಿಯಾಗಿಯೇ ಇರಬಹುದು.

ಕಾಗದ

ಜಲವರ್ಣಕ್ಕೆಂದೇ ತಯಾರಾದ, 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ) ತೂಕದ, ಆಮ್ಲರಹಿತ ಕಾಗದವನ್ನು ಕೊಳ್ಳಿ. ಇದಕ್ಕಿಂತ ತೆಳುವಾದದ್ದು ನೀರು ತಾಗಿದೊಡನೆ ಅಲೆಅಲೆಯಾಗಿ ಏಳುತ್ತದೆ ಮಾತ್ರವಲ್ಲ, ಮಡಿಸಿದಾಗ ನೆಟ್ಟಗೆ ನಿಲ್ಲುವುದೂ ಇಲ್ಲ. ತುಸು ತರಿತರಿಯಾದ ಕೋಲ್ಡ್ ಪ್ರೆಸ್ಡ್ ಕಾಗದ ಹೂವು, ಬೆಟ್ಟಗಳಂಥ ಚಿತ್ರಗಳಿಗೆ ಸರಿಯಾದದ್ದು. ಪೆನ್ನಿನಲ್ಲಿ ಸೂಕ್ಷ್ಮ ರೇಖೆಗಳನ್ನು ಎಳೆಯುವವರು ನುಣುಪಾದ ಹಾಟ್ ಪ್ರೆಸ್ಡ್ ಆರಿಸಿಕೊಳ್ಳಲಿ. ಪೂರ್ತಿ ಹತ್ತಿಯ ಕಾಗದ ಮತ್ತೆ ಮತ್ತೆ ಒದ್ದೆಯಾದರೂ ತಾಳಿಕೊಳ್ಳುತ್ತದೆ, ಬೆಲೆಯೂ ಹೆಚ್ಚು. ಕಲಿಯುವ ಕೈಗೆ ಮರದ ತಿರುಳಿನ ಕಾಗದ ಸಾಕು.

ಮಡಿಸಿದ ಖಾಲಿ ಕಾರ್ಡುಗಳು ಲಕೋಟೆಯ ಸಮೇತ ಕಟ್ಟುಕಟ್ಟಾಗಿ ಸಿಗುತ್ತವೆ. ಆದರೂ ನಾವೇ ಕತ್ತರಿಸಿಕೊಳ್ಳುವುದು ಅಗ್ಗ. ಎ4 ಅಳತೆಯ ಒಂದು ಹಾಳೆಯನ್ನು ಅಡ್ಡಕ್ಕೆ ಸರಿಯಾಗಿ ಎರಡು ಮಾಡಿದರೆ ಎರಡು ಕಾರ್ಡುಗಳಾಗುತ್ತವೆ. ಪ್ರತಿಯೊಂದೂ ಮಡಿಸಿದಾಗ ಸುಮಾರು 105 ಮಿಲಿಮೀಟರ್ ಅಗಲ, 148 ಮಿಲಿಮೀಟರ್ ಎತ್ತರ ಇರುತ್ತದೆ ಮತ್ತು 114ಕ್ಕೆ 162 ಮಿಲಿಮೀಟರ್ ಅಳತೆಯ ಸಿ6 ಲಕೋಟೆಯಲ್ಲಿ ಸಲೀಸಾಗಿ ಕೂರುತ್ತದೆ.

ಈ ಕಾಗದ ನೀರನ್ನು ಒಮ್ಮೆಲೇ ಹೀರಿಕೊಳ್ಳದಂತೆ ತಡೆಯುವುದು ಅದಕ್ಕೆ ಹಾಕಿರುವ ಸೈಜಿಂಗ್ ಎಂಬ ಅಂಟು. ಕಾಗದವನ್ನು ಮಳೆಗಾಲವಿಡೀ ತೆರೆದ ಕಪಾಟಿನಲ್ಲಿಟ್ಟರೆ ಆ ಅಂಟು ಸತ್ವ ಕಳೆದುಕೊಳ್ಳುತ್ತದೆ, ಬೂಷ್ಟೂ ಹಿಡಿಯುತ್ತದೆ. ಅಂಥ ಹಾಳೆಯ ಮೇಲೆ ಬಣ್ಣ ಹರಡದೆ ಅಲ್ಲಲ್ಲೇ ಇಂಗಿ ಕಲೆಯಾಗುತ್ತದೆ, ಅದನ್ನು ಸರಿಪಡಿಸುವುದು ಸುಲಭವಲ್ಲ. ಆದ್ದರಿಂದ ಕಾಗದವನ್ನು ತಂದ ದಿನವೇ ಬಿಗಿಯಾದ ಪ್ಲಾಸ್ಟಿಕ್ ಚೀಲದಲ್ಲಿ, ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಡಿ.

ಮೊದಲು ಚಿತ್ರ, ಆಮೇಲೆ ಮಡಿಕೆ

ಹಲವರು ಕಾರ್ಡನ್ನು ಮೊದಲೇ ಮಡಿಸಿಕೊಂಡು ಚಿತ್ರ ಬಿಡಿಸುತ್ತಾರೆ. ಹಾಗೆ ಮಾಡಿದರೆ ಮಡಿಕೆಯ ಗೆರೆಯಲ್ಲಿ ಬಣ್ಣದ ನೀರು ನಿಂತು ಕಪ್ಪು ಪಟ್ಟಿ ಉಳಿಯುತ್ತದೆ. ಹಾಳೆಯನ್ನು ಬಿಡಿಸಿಟ್ಟೇ ಕೆಲಸ ಮಾಡುವುದು ಒಳ್ಳೆಯದು. ಅದನ್ನು ಒಂದು ಹಲಗೆಯ ಮೇಲಿಟ್ಟು, ಮುಖಪುಟವಾಗುವ ಬಲಭಾಗದ ನಾಲ್ಕೂ ಅಂಚುಗಳಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ. ಚಿತ್ರಕ್ಕೆ ಬಿಳಿಯ ಚೌಕಟ್ಟು ತಾನಾಗಿ ಸಿಗುತ್ತದೆ, ಕಾಗದವೂ ಹೆಚ್ಚು ಸೊಟ್ಟಗಾಗುವುದಿಲ್ಲ.

ಯಾವ ಚಿತ್ರ? ಕೈಲ್ ಮುಹೂರ್ತದ ಕಾರ್ಡಿಗೆ ನನ್ನ ಮೊದಲ ಆಯ್ಕೆ ತೋಕ್ ಪೂ, ಅಂದರೆ ಕೋವಿ ಹೂ. ಮಳೆ ಇಳಿಯುವ ಹೊತ್ತಿಗೆ ಬೇಲಿಗಳ ಮೇಲೆ ಹಬ್ಬಿ ಅರಳುವ, ಹಬ್ಬದ ದಿನ ಕೋವಿಯ ನಳಿಗೆಯ ಬಾಯಿಗೆ ಸಿಕ್ಕಿಸುವ ಈ ಹೂವು ಜಲವರ್ಣಕ್ಕೆ ಹೇಳಿ ಮಾಡಿಸಿದ್ದು. ಅದರ ಆರು ಎಸಳುಗಳು ಹಿಂದಕ್ಕೆ ಬಾಗಿ ಮೇಲಕ್ಕೆ ಏಳುತ್ತವೆ, ಅಂಚುಗಳು ಸುರುಳಿಸುರುಳಿಯಾಗಿರುತ್ತವೆ, ಬುಡದ ಹಳದಿ ಮೇಲೇರುತ್ತಾ ಕೆಂಪಿಗೆ ತಿರುಗುತ್ತದೆ. ನೋಡಿ ಬಿಡಿಸಲು ಹೂ ಕೊಯ್ದು ತಂದರೆ ಕೈ ತೊಳೆದುಕೊಳ್ಳಿ, ಮಕ್ಕಳು ಬಾಯಿಗಿಡದಂತೆ ನೋಡಿಕೊಳ್ಳಿ. ಇಡೀ ಬಳ್ಳಿ, ಅದರಲ್ಲೂ ಗೆಡ್ಡೆ, ವಿಷಕಾರಿ.

ಪೆನ್ಸಿಲಿನಲ್ಲಿ ತೆಳುವಾಗಿ ಆಕಾರ ಗುರುತಿಸಿಕೊಂಡು, ಒಂದು ಎಸಳನ್ನು ಮಾತ್ರ ಶುದ್ಧ ನೀರಿನ ಬ್ರಷ್ಷಿನಿಂದ ಒದ್ದೆ ಮಾಡಿ. ಹಾಳೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಬೆಳಕಿಗೆ ಓರೆಯಾಗಿ ಹಿಡಿಯಿರಿ. ನೀರು ನಿಂತು ಥಳಥಳ ಹೊಳೆಯುತ್ತಿದ್ದರೆ ಇನ್ನೂ ಕಾಯಬೇಕು; ಹೊಳಪು ಇಳಿದು ರೇಷ್ಮೆಯಷ್ಟೇ ಮಿನುಗು ಉಳಿದಾಗ ಬುಡದಲ್ಲಿ ಹಳದಿ ಹಾಕಿ, ಕೂಡಲೇ ತುದಿಯಿಂದ ಕೆಂಪನ್ನು ತಾಗಿಸಿ. ನಡುವೆ ಎರಡೂ ತಾವಾಗಿ ಬೆರೆತು ಕಿತ್ತಳೆಯಾಗುತ್ತವೆ. ಅಲ್ಲಿ ಬ್ರಷ್ಷು ಆಡಿಸಬಾರದು, ಆಡಿಸಿದಷ್ಟೂ ಬಣ್ಣ ಮಂಕಾಗುತ್ತದೆ. ಹೊಳಪು ಪೂರ್ತಿ ಹೋದ ಮೇಲೆ ನೀರಾದ ಬಣ್ಣವನ್ನು ಸೇರಿಸಿದರೆ ಅದು ಹಳೆಯ ಬಣ್ಣವನ್ನು ತಳ್ಳಿ ಹೂಕೋಸಿನ ಅಂಚಿನಂಥ ಕಲೆ ಬಿಡುತ್ತದೆ. ಇಷ್ಟನ್ನು ಕಣ್ಣಿಗೆ ಅಭ್ಯಾಸ ಮಾಡಿಸಿಕೊಂಡವರಿಗೆ ಜಲವರ್ಣದ ಬಹುಪಾಲು ಕಷ್ಟ ಕಳೆದಂತೆ. ಪಕ್ಕಪಕ್ಕದ ಎಸಳುಗಳನ್ನು ಒಟ್ಟಿಗೆ ಬಿಡಿಸದೆ ಒಂದು ಬಿಟ್ಟು ಒಂದರಂತೆ ಬಿಡಿಸಿ, ಒಣಗಿದ ನಂತರ ಉಳಿದವನ್ನು ತುಂಬಿದರೆ ಒಂದರ ಬಣ್ಣ ಇನ್ನೊಂದಕ್ಕೆ ಹರಿಯುವುದಿಲ್ಲ.

ಮಂಜು ಮುಸುಕಿದ ಬೆಟ್ಟಸಾಲು ಇದಕ್ಕಿಂತ ಸುಲಭ: ದೂರದ ಸಾಲನ್ನು ಬಹಳ ತೆಳುವಾದ ನೀಲಿಯಲ್ಲಿ ಬಳಿದು, ಒಣಗಿದ ಮೇಲೆ ಹತ್ತಿರದ ಸಾಲುಗಳನ್ನು ಒಂದಕ್ಕಿಂತ ಒಂದು ಗಾಢವಾಗಿ ಬಳಿಯಬೇಕು. ಪ್ರತಿ ಸಾಲಿನ ಕೆಳಅಂಚನ್ನು ಬರೀ ನೀರಿನಿಂದ ಮಸುಕುಗೊಳಿಸಿದರೆ ಅಲ್ಲಿ ಮಂಜು ಕಾಣುತ್ತದೆ. ಬೆಳ್ಳಗಿನ ಕಾಫಿ ಹೂವನ್ನು ಬಿಡಿಸುವವರು ಬಿಳಿ ಬಣ್ಣ ಬಳಿಯದೆ, ಸುತ್ತಲಿನ ಎಲೆಗಳಿಗೆ ಮಾತ್ರ ಹಸಿರು ತುಂಬಿ, ಕಾಗದದ ಬಿಳುಪನ್ನೇ ಹೂವಾಗಿ ಉಳಿಸಿಕೊಳ್ಳಲಿ. ಹಸಿ ಬಣ್ಣದ ಮೇಲೆ ಉಪ್ಪು ಉದುರಿಸಿ ಚುಕ್ಕೆಗಳನ್ನು ಮೂಡಿಸುವ ವಿಧಾನವೊಂದಿದೆ. ನಮ್ಮಲ್ಲಿ ಅದು ಬೇಡವೆಂದೇ ನನ್ನ ಸಲಹೆ. ಗಾಳಿಯ ಆರ್ದ್ರತೆ ಶೇ 75 ದಾಟಿದರೆ ಉಪ್ಪು ನೀರಾಗುತ್ತದೆ, ಕಾಗದದಲ್ಲಿ ಉಳಿದ ಹರಳು ವರ್ಷವರ್ಷವೂ ತೇವವನ್ನು ಎಳೆದುಕೊಳ್ಳುತ್ತದೆ.

ಒಣಗಿಸುವುದು, ಮಡಿಸುವುದು

ಅಂಗೈಯ ಹಿಂಭಾಗವನ್ನು ಚಿತ್ರದ ಮೇಲೆ ಮೆಲ್ಲಗೆ ಇಟ್ಟು ನೋಡಿ. ತಣ್ಣಗೆ ಅನಿಸಿದರೆ ಕಾಗದದೊಳಗೆ ಇನ್ನೂ ನೀರಿದೆ. ಅವಸರವಿದ್ದರೆ ಹೇರ್ ಡ್ರೈಯರನ್ನು ಒಂದಡಿ ದೂರದಲ್ಲಿ ಹಿಡಿದು ಆಡಿಸಬಹುದು. ಪೂರ್ತಿ ಒಣಗಿದ ಮೇಲಷ್ಟೇ ಟೇಪನ್ನು ಚಿತ್ರದಿಂದ ಹೊರಮುಖವಾಗಿ, ಓರೆಯಾಗಿ, ನಿಧಾನಕ್ಕೆ ಎಳೆಯಬೇಕು. ಕಾಗದ ಬಾಗಿದ್ದರೆ ಅದರ ಹಿಂಬದಿಗೆ ತುಸುವೇ ತೇವ ಮಾಡಿ, ಎರಡು ಬಿಳಿ ಹಾಳೆಗಳ ನಡುವೆ ಇಟ್ಟು ಭಾರದ ಪುಸ್ತಕಗಳ ಕೆಳಗಿಡಿ. ಮಳೆಯ ದಿನಗಳಲ್ಲಿ ಆ ಹಾಳೆಗಳನ್ನು ನಡುವೆ ಬದಲಿಸದಿದ್ದರೆ ಬೂಷ್ಟು ಬರುತ್ತದೆ.

ಈಗ ಮಡಿಕೆ. ನಟ್ಟನಡುವೆ ಉಕ್ಕಿನ ಅಳತೆಪಟ್ಟಿಯನ್ನಿಟ್ಟು, ಶಾಯಿ ಮುಗಿದ ಬಾಲ್‌ಪೆನ್ನಿನಿಂದ ಚಿತ್ರವಿರುವ ಬದಿಯಲ್ಲಿ ಎರಡು ಮೂರು ಸಲ ಒತ್ತಿ ಗೆರೆ ಎಳೆಯಿರಿ. ಬಿದ್ದ ಗುಳಿ ಹೊರಗೆ, ಉಬ್ಬು ಒಳಗೆ ಬರುವಂತೆ ಮಡಿಸಿದರೆ ದಪ್ಪ ಕಾಗದವೂ ಅಂಚಿನಲ್ಲಿ ಒಡೆಯುವುದಿಲ್ಲ. ಮಡಿಕೆ ಕಾಗದದ ನಾರಿನ ಎಳೆಯ ದಿಕ್ಕಿನಲ್ಲಿದ್ದರೆ ಇನ್ನೂ ಚೆನ್ನ. ಹಾಳೆಯನ್ನು ಎರಡೂ ಕಡೆಗೆ ಮೆಲ್ಲಗೆ ಬಾಗಿಸಿದಾಗ ಯಾವ ಕಡೆ ಸುಲಭವಾಗಿ ಬಾಗುತ್ತದೋ, ಆ ಬಾಗಿನ ಗೆರೆಯೇ ಎಳೆಯ ದಿಕ್ಕು.

ಒಳಪುಟದಲ್ಲಿ ಅಚ್ಚಾದ ಸಾಲಿಗಿಂತ ನಿಮ್ಮ ಕೈಬರಹವೇ ಇರಲಿ. ಪುತ್ತರಿಯ ಕಾರ್ಡಿಗೆ ‘ಪೊಲಿ ಪೊಲಿ ದೇವಾ’ (ಹೆಚ್ಚಲಿ, ಹೆಚ್ಚಲಿ ದೇವಾ) ಎಂಬ ಕೂಗಿಗಿಂತ ಒಪ್ಪುವ ಒಕ್ಕಣೆ ಬೇರೆ ಬೇಕಿಲ್ಲ. ಕಾರ್ಡಿನ ತೂಕ ಸುಮಾರು 9 ಗ್ರಾಂ, ಆದ್ದರಿಂದ ಲಕೋಟೆ ಸೇರಿದರೂ ಅಂಚೆಯ 20 ಗ್ರಾಂಗಳ ಮೊದಲ ಹಂತವನ್ನು ಮೀರುವುದಿಲ್ಲ. ವಿಳಾಸವನ್ನು ಜೆಲ್ ಪೆನ್ನಿನಲ್ಲಿ ಬರೆಯಬೇಡಿ, ಒಂದು ಹನಿ ಬಿದ್ದರೂ ಅಕ್ಷರ ಕದಡುತ್ತದೆ. ಬಾಲ್‌ಪೆನ್ನಿನಲ್ಲಿ ಬರೆದು, ಅದರ ಮೇಲೆ ಬಿಳಿ ಮೇಣದಬತ್ತಿಯನ್ನು ಒಮ್ಮೆ ಉಜ್ಜಿ ಅಂಚೆಗೆ ಹಾಕಿ.