ದೀಪ ನೋಡಿದ ಮೇಲೆ ಗಾಲಿಯನ್ನೂ ನೋಡು

ಬೆಂಗಳೂರಿನಲ್ಲಿ ಯುಕೆಜಿ ಮಕ್ಕಳಿಗೆ ಕಲಿಸುತ್ತೇನೆ. ಸಿಗ್ನಲ್ ಪಾಠವನ್ನು ‘ಕೆಂಪು ಅಂದ್ರೆ ನಿಲ್ಲು, ಹಸಿರು ಅಂದ್ರೆ ಹೋಗು’ ಎಂದು ನಾನು ಶುರು ಮಾಡುವುದಿಲ್ಲ. ಆ ಮೂರು ದೀಪ ಇರುವುದು ಗಾಡಿ ಓಡಿಸುವವರಿಗೆ. ಗಾಡಿಗಳಿಗೆ ಹಸಿರು ಬಿದ್ದಾಗ ಮಗು ದಾಟಲು ಹೊರಟರೆ ಏನು ಗತಿ? ನಡೆದು ಹೋಗುವವರಿಗೆ ಬೇರೆ ದೀಪ. ಅದರಲ್ಲಿ ಕೆಂಪು ಮನುಷ್ಯ ನಿಂತಿರುತ್ತಾನೆ, ಹಸಿರು ಮನುಷ್ಯ ನಡೆಯುತ್ತಿರುತ್ತಾನೆ. ಇವರಿಬ್ಬರನ್ನು ರಟ್ಟಿನಲ್ಲಿ ಕತ್ತರಿಸಿ ಕೋಲಿಗೆ ಅಂಟಿಸಿಕೊಂಡಿದ್ದೇನೆ.

ಹಸಿರು ಮನುಷ್ಯ ಬಂದರೂ ಎಡಕ್ಕೆ ತಿರುಗುವ ಬೈಕುಗಳು ನಿಲ್ಲುವುದಿಲ್ಲ, ಅಲ್ವಾ? ಅದಕ್ಕೇ ಗಾಲಿ ನೋಡುವುದನ್ನು ಕಲಿಸುತ್ತೇನೆ. ಅಂಗಳದಲ್ಲಿ ಸುಣ್ಣದ ಪುಡಿಯಿಂದ ಜೀಬ್ರಾ ಪಟ್ಟೆ ಎಳೆಯುತ್ತೇವೆ. ನಮ್ಮ ಆಯಾ ಸೈಕಲ್ ತಳ್ಳಿಕೊಂಡು ಬರುತ್ತಾರೆ. ನಾನು ಹಸಿರು ಮನುಷ್ಯನನ್ನು ಎತ್ತಿದರೂ ಅವರು ಬೇಕಂತಲೇ ನಿಲ್ಲಿಸುವುದಿಲ್ಲ. ಒಂದು ಸಲ ಸಾಲಿನ ಮುಂದಿದ್ದ ಹುಡುಗಿ ಎರಡೂ ಕೈ ಚಾಚಿ ಹಿಂದಿನವರನ್ನು ತಡೆದು, “ಮಿಸ್, ಗಾಲಿ ಇನ್ನೂ ತಿರುಗ್ತಾ ಇದೆ!” ಅಂದಳು. ಆಯಾ ಬ್ರೇಕ್ ಹಿಡಿದು ಗಾಲಿ ನಿಲ್ಲುವವರೆಗೂ ಒಬ್ಬರನ್ನೂ ಬಿಡಲಿಲ್ಲ. ನನಗಾದ ಖುಷಿ ಅಷ್ಟಿಷ್ಟಲ್ಲ.

ಸಿಗ್ನಲ್ ಇಲ್ಲದ ರಸ್ತೆಗಳೇ ಜಾಸ್ತಿ. ನಮ್ಮಲ್ಲಿ ಗಾಡಿಗಳು ಎಡಗಡೆ ಓಡುವುದರಿಂದ ರಸ್ತೆಗೆ ಇಳಿದ ತಕ್ಷಣ ಮೈಮೇಲೆ ಬರುವುದು ಬಲದಿಂದ. ಆದ್ದರಿಂದ ಮೊದಲು ಬಲಕ್ಕೆ, ಆಮೇಲೆ ಎಡಕ್ಕೆ, ಮತ್ತೆ ಬಲಕ್ಕೆ ನೋಡಬೇಕು. ಈ ವಯಸ್ಸಿನಲ್ಲಿ ಎಡ–ಬಲ ಗೊಂದಲ. ‘ಊಟದ ಕೈ ಕಡೆ’ ಅಂದರೆ ತಟ್ಟನೆ ತಿರುಗುತ್ತಾರೆ. ಎಡಗೈಯಲ್ಲಿ ಉಣ್ಣುವ ಮಕ್ಕಳ ಬಲಗೈಗೆ ಬಣ್ಣದ ದಾರ ಕಟ್ಟುತ್ತೇನೆ.

ಅಪ್ಪ–ಅಮ್ಮಂದಿರಿಗೂ ಒಂದು ಪಾಠ ಇಟ್ಟುಕೊಂಡಿದ್ದೇನೆ. ಗೇಟಿನ ಹೊರಗೆ ನಿಂತ ಕಾರಿನ ಪಕ್ಕ ಅವರನ್ನು ಕುಕ್ಕರಗಾಲಲ್ಲಿ ಕೂರಿಸುತ್ತೇನೆ. ಕಾರಿನ ಬಾಗಿಲು ಬಿಟ್ಟು ಬೇರೇನೂ ಕಾಣುವುದಿಲ್ಲ. ಮಗುವಿಗೆ ದಿನವೂ ಕಾಣುವುದು ಅಷ್ಟೇ. ಬರುವ ಗಾಡಿಯ ವೇಗ ಅಂದಾಜು ಮಾಡಲೂ ಈ ವಯಸ್ಸಿಗೆ ಬರುವುದಿಲ್ಲ. ಹಾಗಾಗಿ ಎಷ್ಟೇ ಚೆನ್ನಾಗಿ ಕಲಿತಿದ್ದರೂ ಒಂಟಿಯಾಗಿ ದಾಟಲು ಬಿಡಬೇಡಿ. ಬೆರಳು ಹಿಡಿದರೆ ಜಾರುತ್ತದೆ, ಮಣಿಕಟ್ಟು ಹಿಡಿಯಿರಿ. ವ್ಯಾನಿನಿಂದ ಇಳಿದ ಮಗು ವ್ಯಾನ್ ಹೊರಟುಹೋಗುವ ತನಕ ಕಾಯಬೇಕು.

ಸ್ಕೂಟರಿನಲ್ಲಿ ಕರೆತರುವವರಿಗೆ ಹೆಲ್ಮೆಟ್ ವಿಷಯ ಬಿಡದೆ ಹೇಳುತ್ತೇನೆ. 4 ವರ್ಷ ದಾಟಿದ ಮಕ್ಕಳಿಗೂ ಅದು ಕಾನೂನು. ಇನ್ನೂ ಚಿಕ್ಕವರಿಗೆ ಹೆಲ್ಮೆಟ್ ಜೊತೆ ಸವಾರರಿಗೆ ಕಟ್ಟುವ ಬೆಲ್ಟೂ ಬೇಕು, ವೇಗ ಗಂಟೆಗೆ 40 ಕಿಲೋಮೀಟರ್ ಮೀರಬಾರದು. ದೊಡ್ಡವರ ಹೆಲ್ಮೆಟ್ಟನ್ನು ಮಗುವಿಗೆ ಸುಮ್ನೆ ಹೊರಿಸಬೇಡಿ. ಪಟ್ಟಿ ಬಿಗಿದು ತಲೆ ಅಲ್ಲಾಡಿಸಲು ಹೇಳಿ. ಜಾರಿದರೆ ಅಂಗಡಿಗೆ ಹೋಗಿ ಬೇರೆ ಸೈಜು ತನ್ನಿ.