ಹವಳದ ಮೇಲೆ ಏನೋ ಬೆಳೆದಿದೆ: ಕೀಳುವ ಮೊದಲು ಗುರುತು ಹಿಡಿಯಿರಿ

ಡೊಂಬಿವಲಿಯ ನಮ್ಮ ಮನೆಯ ಉಪ್ಪುನೀರಿನ ಟ್ಯಾಂಕ್‌ನಲ್ಲಿ, ಝೋಆಂಥಿಡ್ ಹವಳದ ಬುಡದಲ್ಲಿ ಒಂದು ದಿನ ಕಂದು ಬಣ್ಣದ ಪುಟ್ಟ ಹೂವು ಅರಳಿತ್ತು. ಹಳೆಯ ಟೂತ್‌ಬ್ರಶ್ ತಗೊಂಡು ಕೆರೆದುಬಿಟ್ಟೆ. ಎರಡೇ ತಿಂಗಳಲ್ಲಿ ಒಂದಿದ್ದದ್ದು ಹತ್ತಾಯಿತು. ಅದು ಐಪ್ಟೇಸಿಯಾ, ಅಂದರೆ ಹೂವಿನಂತೆ ಕಾಣುವ, ಹವಳವನ್ನು ಕುಟುಕುವ ಸಮುದ್ರಜೀವಿ. ಅದರ ಚೂರು ಉಳಿದರೂ ಸಾಕು, ಹೊಸದು ಹುಟ್ಟುತ್ತದೆ. ಅದಕ್ಕೇ ಹೇಳುವುದು, ಮೊದಲು ಹೆಸರು ಗೊತ್ತಾಗಲಿ, ಔಷಧಿ ಆಮೇಲೆ.

ಬರಿಗೈ ಹಾಕಬೇಡಿ. ಕೆಲವು ಝೋಆಂಥಿಡ್‌ಗಳಲ್ಲಿ, ಅದರಲ್ಲೂ ಪಾಲಿಥೋವಾದಲ್ಲಿ, ಪಾಲಿಟಾಕ್ಸಿನ್ ಎಂಬ ಭಾರಿ ವಿಷ ಇರುತ್ತದೆ. ಗ್ಲೌಸ್, ಕನ್ನಡಕ ಬೇಕೇ ಬೇಕು. ಹವಳ ಅಂಟಿರುವ ಕಲ್ಲನ್ನು ಕುದಿಯುವ ನೀರಿಗೆ ಹಾಕಿ ಸ್ವಚ್ಛ ಮಾಡುವ ಯೋಚನೆ ಬೇಡವೇ ಬೇಡ. ಆ ಹಬೆ ಕುಡಿದು ಇಡೀ ಮನೆಯವರು ಆಸ್ಪತ್ರೆ ಸೇರಿದ ಉದಾಹರಣೆಗಳಿವೆ.

ಈಗ ಫೋಟೊ. ಪಂಪ್ ಹತ್ತು ನಿಮಿಷ ನಿಲ್ಲಿಸಿ. ನೀಲಿ ಲೈಟ್ ಆರಿಸಿ, ಬಿಳಿ ಲೈಟ್ ಮಾತ್ರ ಇರಲಿ. ನೀಲಿಯಲ್ಲಿ ನಿಜವಾದ ಬಣ್ಣ ಗೊತ್ತಾಗುವುದಿಲ್ಲ. ಫೋನನ್ನು ಗಾಜಿಗೆ ನೇರವಾಗಿ ಹಿಡಿಯಿರಿ. ಹದಿನೈದು ದಿನ ಬಿಟ್ಟು ಅದೇ ಜಾಗದ ಫೋಟೊ ಮತ್ತೆ ತೆಗೆಯಿರಿ. ಲೈಟ್ ಆರಿ ಒಂದು ಗಂಟೆಯಾದ ಮೇಲೆ, ಟಾರ್ಚ್‌ಗೆ ಕೆಂಪು ಕಾಗದ ಸುತ್ತಿ ಒಮ್ಮೆ ನೋಡಿ. ಹಗಲಲ್ಲಿ ಅಡಗಿರುವ ಹುಳುಗಳು ಆಗ ಹೊರಬರುತ್ತವೆ.

ಮುಂದಿನದು ನನಗೆ ಅತಿ ನೆಚ್ಚಿನ ಪರೀಕ್ಷೆ. ಸೂಜಿ ತೆಗೆದ ಸಿರಿಂಜ್‌ನಿಂದ ಮೆಲ್ಲನೆ ನೀರು ಊದಿ. ಸುಮ್ನೆ ತೂಗಾಡಿದರೆ ಹೆಚ್ಚಾಗಿ ಪಾಚಿ. ಕಣ್ಣು ಮಿಟುಕಿಸುವಷ್ಟರಲ್ಲಿ ಬಿಲದೊಳಗೆ ಹೋದರೆ, ಉದ್ದ ತೆಳು ಬೆರಳುಗಳಿದ್ದರೆ, ಐಪ್ಟೇಸಿಯಾ. ಗಟ್ಟಿ ಕೊಳವೆ ಇದ್ದು ಬಾಯಿಂದ ಜೇಡರ ಬಲೆಯಂಥ ಲೋಳೆ ದಾರ ಬಂದರೆ ವರ್ಮೆಟಿಡ್. ಅದು ಶಂಖದ ಜಾತಿ, ಆ ದಾರ ತಾಗಿದರೆ ಹವಳ ಮುದುಡುತ್ತದೆ. ಹಸಿರು ಗೋಲಿಯಂತೆ ಹೊಳೆದರೆ ವ್ಯಾಲೋನಿಯಾ ಪಾಚಿ. ಟ್ಯಾಂಕಿನೊಳಗೆ ಒಡೆಯಬೇಡಿ, ಬುಡಸಮೇತ ಬಿಡಿಸಿ.

ಕಲ್ಲಿಗೆ ನೇರಳೆ ಪದರ ಹತ್ತಿದ್ದರೆ ಅದು ಕೋರಲಿನ್ ಪಾಚಿ. ಬಿಳಿ ಸುರುಳಿ ಚುಕ್ಕೆಗಳು ಸ್ಪೈರಾರ್ಬಿಡ್ ಹುಳುಗಳು. ಪುಟ್ಟ ಅನಾನಸಿನಂಥದ್ದು ಸೈಕಾನ್ ಸ್ಪಂಜು. ಇವು ಮೂರೂ ಪಾಪದವು, ಬಿಟ್ಟುಬಿಡಿ. ಕಲ್ಲುಹವಳದ ಅಂಚು ಬೆಳ್ಳಗಾದರೆ ಎಷ್ಟೋ ಸಲ ಅದು ಹವಳದ್ದೇ ಹೊಸ ಬೆಳವಣಿಗೆ. ಆದರೆ ಝೋಆಂಥಿಡ್ ಮುಚ್ಚಿಕೊಂಡೇ ಇದ್ದರೆ ಅಡಿಯಲ್ಲಿ ಹುಡುಕಿ. ಅದನ್ನೇ ತಿಂದು ಅದರದೇ ಬಣ್ಣ ತಾಳುವ ನುಡಿಬ್ರಾಂಕ್ ಎಂಬ ಚಿಪ್ಪಿಲ್ಲದ ಸಮುದ್ರಹುಳು ಇರಬಹುದು. ಹವಳವನ್ನು ಅದ್ದಿ ತೆಗೆಯುವ ಡಿಪ್ ಔಷಧಿಗೆ ಹುಳು ಉದುರಿದರೂ ಸುರುಳಿ ಮೊಟ್ಟೆಗಳು ಸಾಯುವುದಿಲ್ಲ. ಅವನ್ನು ಕೈಯಾರೆ ತೆಗೆಯಬೇಕು. ವಾರ ಬಿಟ್ಟು ಮತ್ತೆ ಡಿಪ್ ಮಾಡಬೇಕು.

ಐಪ್ಟೇಸಿಯಾ ಅಂತ ಖಾತ್ರಿಯಾದರೆ ಪಂಪ್ ನಿಲ್ಲಿಸಿ, ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಪೇಸ್ಟನ್ನು ಸಿರಿಂಜ್‌ನಿಂದ ಅದರ ಬಾಯಿಗೇ ಹಾಕಿ. ನೀರಿನ ಪಿಎಚ್ ಏರುವುದರಿಂದ ದಿನಕ್ಕೆ ಎರಡು ಮೂರು ಐಪ್ಟೇಸಿಯಾಕ್ಕಿಂತ ಜಾಸ್ತಿಗೆ ಹಾಕಬೇಡಿ. ಎಲೆಗೆ ಹಚ್ಚುವ ಸುಣ್ಣವೂ ಅದೇ ಅಲ್ವಾ ಅನ್ನಬಹುದು. ಅದರಲ್ಲಿ ಬೇರೆ ಏನಾದರೂ ಬೆರೆತಿರಬಹುದು, ಬಳಸಬೇಡಿ. ವರ್ಮೆಟಿಡ್ ಆದರೆ ಕೊಳವೆ ಮುರಿದು, ಬಾಯಿಗೆ ಸೂಪರ್ ಗ್ಲೂ ಜೆಲ್ ಹಚ್ಚಿ ಮುಚ್ಚಿ.

ಟ್ಯಾಂಕಿಗೆ ಹೊಸ ಕಲ್ಲು ಬೇಕೆಂದು ಮುಂಬೈಯ ಹಾಜಿ ಅಲಿ, ವರಳಿ ದಂಡೆಗೆ ಇಳಿತದ ಹೊತ್ತಿನಲ್ಲಿ ಹೋಗಬೇಡಿ. ಅಲ್ಲಿ ನಿಜಕ್ಕೂ ಜೀವಂತ ಹವಳವಿದೆ. 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿ, ಹುಲಿಯ ಜೊತೆಗೇ, ಕಲ್ಲುಹವಳವೂ ಇದೆ. ಟ್ಯಾಂಕಿನಿಂದ ತೆಗೆದ ಪಾಚಿ, ಹುಳುಗಳನ್ನೂ ಸಮುದ್ರಕ್ಕೆ ಬಿಡಬೇಡಿ. ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ ಕಸಕ್ಕೆ ಹಾಕಿ.